ಹನ್ನೊಂದನೇ ಫೋಟೋ ಯಾಕೆ ಬೇಡ ಅಂದ್ರಿ?

ನಮಸ್ಕಾರ,

ಸ್ಕಾಟ್‌ಲೆಂಡ್ ಹತ್ರ ಸಮುದ್ರದಲ್ಲಿರೋ, ಗ್ಯಾನೆಟ್ ಅನ್ನೋ ಕಡಲಹಕ್ಕಿಗಳು ಗೂಡು ಕಟ್ಟೋ ಬಂಡೆ ಬಗ್ಗೆ ನೀವು ಬರೆದ 'ಬಾಸ್ ರಾಕ್‌ನಲ್ಲಿ ಒಂದು ದಿನ' ಲೇಖನ, ಹದಿನಾಲ್ಕು ಫೋಟೋ ಎಲ್ಲಾ ಬಂದಿದೆ. ಉತ್ತರ ಲೇಟಾಯ್ತು, ಸಾರಿ. ಬೇಜಾರ್ ಮಾಡ್ಕೋಬೇಡಿ, ಈಗಿರೋ ಹಾಗೆ ಇದನ್ನ ಹಾಕಕ್ಕಾಗಲ್ಲ. ವಾಪಸ್ ಕಳಿಸಿ ಸುಮ್ನಿರೋಕೂ ಮನಸ್ಸು ಬರ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಎರಡು ಪುಟ ಪೂರ್ತಿ ಎಡಿನ್‌ಬರೋದಿಂದ ನಾರ್ತ್ ಬೆರಿಕ್‌ಗೆ ಹೋದ ಟ್ರೇನು, ಸ್ಯಾಂಡ್‌ವಿಚ್ಚು, ಹೊಸ ಲೆನ್ಸಿನ ರೇಟು, ಲೈಫ್ ಜಾಕೆಟ್ಟು. ಹಕ್ಕಿ ಮುಖ ತೋರಿಸೋದು ಮೂರನೇ ಪುಟದಲ್ಲಿ, ಅಲ್ಲೂ 'ಕೊಕ್ಕರೆಯಂಥ ಬಿಳಿ ಹಕ್ಕಿಗಳು' ಅಂದ್ಬಿಟ್ಟಿದೀರ. ಕೊಕ್ಕರೆಗೂ ಅದಕ್ಕೂ ಏನ್ ಸಂಬಂಧ ಮಾರಾಯ್ರೇ! ಗ್ಯಾನೆಟ್ ಅಂತಲೇ ಬರೀರಿ, ಆಮೇಲೆ ಹೇಗಿದೆ ಅಂತ ತೋರಿಸಿ: ತಲೆಗೆ ಅರಿಶಿನ ಸವರಿದ ಹಾಗೆ ಹಳದಿ, ರೆಕ್ಕೆ ತುದಿ ಮಸಿಯಲ್ಲಿ ಅದ್ದಿ ತೆಗೆದ ಹಾಗೆ, ರೆಕ್ಕೆ ಬಿಚ್ಚಿದ್ರೆ ಹೆಚ್ಚುಕಮ್ಮಿ ಆರಡಿ. ಅದರ ಶಾಸ್ತ್ರೀಯ ಹೆಸರು ಮೋರಸ್ ಬಸಾನಸ್, ನೀವು ಹೋಗಿದ್ದ ಬಂಡೆ ಹೆಸರೇ ಅದರೊಳಗೆ ಕೂತಿದೆ.

'ಹಿಮ ಹೊದ್ದ ಬೆಟ್ಟ' ಹೊಡೆದು ಹಾಕಿ. ಆ ಬಿಳೀ ಅರ್ಧ ಹಕ್ಕಿ, ಅರ್ಧ ಹಕ್ಕಿ ಹಿಕ್ಕೆ. ಬಂಡೆ ಹತ್ರ ಬರೋಕೆ ಮುಂಚೆನೇ ವಾಸನೆ ಬಂತು, ಪಕ್ಕದಲ್ಲಿದ್ದ ಮಗು ಮೂಗು ಮುಚ್ಕೊಂಡ್ತು ಅಂತ ಎಲ್ಲೋ ಅರ್ಧ ಸಾಲು ಬರ್ದಿದೀರಲ್ಲ, ಲೇಖನ ಶುರುವಾಗ್ಬೇಕಾದ್ದು ಅಲ್ಲಿಂದ.

ಹಕ್ಕಿ ಮೀನಿಗೆ ಅಂತ ಧುಮುಕೋದನ್ನ 'ನೋಡಲು ಅದ್ಭುತ' ಅಂತ ಎರಡೇ ಪದದಲ್ಲಿ ಮುಗಿಸಿದೀರ. ನೂರಡಿ ಎತ್ತರದಿಂದ, ಗಂಟೆಗೆ ನೂರು ಕಿಲೋಮೀಟರ್ ಹತ್ರದ ಸ್ಪೀಡಲ್ಲಿ ನೀರಿಗೆ ಬಿದ್ರೂ ಅದಕ್ಕೆ ಯಾಕೆ ಏನೂ ಆಗಲ್ಲ? ಹೊರಗಡೆ ಮೂಗಿನ ಹೊಳ್ಳೆನೇ ಇಲ್ಲ, ಎದೆ-ಮುಖದ ಚರ್ಮದ ಕೆಳಗೆ ಗಾಳಿ ಚೀಲಗಳಿವೆ. ಇದನ್ನ ಹೇಳಿ, ಶಟರ್ ಸ್ಪೀಡ್ ಪಟ್ಟಿ ತೆಗೀರಿ.

ಎಂಟನೇ ಫೋಟೋ ಸೊಟ್ಟ ಆಗಿದೆ ಅಂತ ಕ್ಷಮೆ ಕೇಳಿದೀರ, ಅದನ್ನ ನೇರ ಮಾಡ್ಬೇಡಿ, ಬೋಟು ಓಲಾಡಿದ್ದು ಗೊತ್ತಾಗ್ಲಿ. (ನಾನು ರಂಗನತಿಟ್ಟಿನ ದೋಣೀಲಿ ಇನ್ನೂರು ಫೋಟೋ ತೆಗ್ದು ನಾಲ್ಕು ಉಳಿಸ್ಕೊಂಡವನು, ಅದೂ ನಿಂತ ನೀರಿನ ಥರ ಇರೋ ಹೊಳೇಲಿ.)

ಈಗ ಹನ್ನೊಂದನೇದು. 'ಇದರಲ್ಲಿ ಕಣ್ಣು ಪೂರ್ತಿ ಕಪ್ಪಾಗಿದೆ, ನೆರಳು ಬಿದ್ದಿರಬೇಕು, ಬಳಸಬೇಡಿ' ಅಂತ ಬರ್ದಿದೀರ. ನಾನು ದೊಡ್ಡದು ಮಾಡಿ ನೋಡ್ದೆ. ಕಣ್ಣಿನ ಸುತ್ತ ಇರೋ ನೀಲಿ ಉಂಗುರ ಚೆನ್ನಾಗಿ ಕಾಣ್ತಿದೆ, ಕೊಕ್ಕಿನ ಗೆರೆನೂ ಕಾಣ್ತಿದೆ, ನೆರಳು ಕಣ್ಣೊಳಗೆ ಮಾತ್ರ ಬೀಳತ್ತಾ? ಗ್ಯಾನೆಟ್ ಕಣ್ಣು ತಿಳಿ ನೀಲಿ ಇರತ್ತೆ, ನಿಮ್ಮ ಉಳಿದ ಫೋಟೋಗಳಲ್ಲೂ ಹಾಗೇ ಇದೆ. 2022ರಲ್ಲಿ ಆ ಬಂಡೆಗೆ ಹಕ್ಕಿಜ್ವರ ಬಂತು. ಆಮೇಲೆ ಕಪ್ಪು ಕಣ್ಣಿನ ಹಕ್ಕಿಗಳು ಕಾಣಿಸ್ಕೊಳ್ಳೋಕೆ ಶುರುವಾದ್ವು, ಅಂಥವನ್ನ ಹಿಡಿದು ರಕ್ತ ನೋಡಿದಾಗ ಹೆಚ್ಚಿನವಕ್ಕೆ ಜ್ವರ ಬಂದು ಹೋಗಿರೋದು ಗೊತ್ತಾಯ್ತು. 2014ರಲ್ಲಿ ಎಣಿಸಿದಾಗ ಅಲ್ಲಿ ಸುಮಾರು 75,000 ಗೂಡಿನ ಜಾಗ ಇತ್ತು, 2023ರಲ್ಲಿ ಸುಮಾರು 52,000. ಅಂದ್ರೆ ನೀವು ಡಿಲೀಟ್ ಮಾಡೋಕೆ ಹೊರಟಿದ್ದು ಪ್ರಾಯಶಃ ಆ ವರ್ಷ ದಾಟಿ ಬದುಕಿದ ಒಂದು ಹಕ್ಕಿಯನ್ನ. ಪ್ರಾಯಶಃ ಅನ್ನೋ ಪದ ಲೇಖನದಲ್ಲೂ ಇರ್ಲಿ, ಒಂದು ಫೋಟೋ ನೋಡಿ ಖಾತ್ರಿ ಮಾಡಕ್ಕಾಗಲ್ಲ.

ಲೇಖನ ಇದರ ಮೇಲೆ ನಿಲ್ಲಲಿ, ಉಳಿದಿದ್ದು ಇದರ ಹಿಂದೆ ಬರ್ಲಿ. ಒಂಬೈನೂರು ಪದ ಸಾಕು. ಆ ಫೋಟೋದ ಕ್ರಾಪ್ ಮಾಡದ ಒರಿಜಿನಲ್ ಫೈಲು, ತೆಗೆದ ತಾರೀಖು ಎರಡೂ ಕಳಿಸಿ. ಸಾಧ್ಯ ಆದ್ರೆ ಇನ್ನೊಂದ್ಸಲ ಬೋಟ್ ಹತ್ತಿ, 2022ರ ಬೇಸಿಗೆಲಿ ಬಂಡೆ ಹೇಗಿತ್ತು ಅಂತ ಬೋಟಿನವರನ್ನ ಕೇಳ್ಕೊಂಡು ಬನ್ನಿ, ಅಕ್ಟೋಬರ್ ಕಳೆದ್ರೆ ಹಕ್ಕಿಗಳು ಹೊರಟುಹೋಗ್ತವೆ, ಮತ್ತೆ ಫೆಬ್ರವರಿ ಹೊತ್ತಿಗೇ ಬರೋದು.