ಕಾಫಿ ಜಗಲಿಯಲ್ಲಿಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದಿಂದ ಬರೆದ ಅಕ್ಕನಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ ಮಳೆ ಹಿಡಿದ ಮೇಲೆ ಹಾಸಿಗೆಯಿಂದ ಏಳುದೇ ಇಲ್ಲ, ಎರಡು ತಿಂಗಳಾಯ್ತು, ಹೊದ್ದುಕೊಂಡು ಮೊಬೈಲ್ ನೋಡ್ತಾನೆ, ಊಟವೂ ಕೋಣೆಗೇ, ತೋಟಕ್ಕೆ ಇಳಿದ್ರೆ ಸುಸ್ತು ಅಂತಾನೆ, ಅವನ ಅಪ್ಪ ಉದಾಸೀನ ಅಂತ ಬೈತಾರೆ, ಇದು ಉದಾಸೀನವಾ ಕಾಯಿಲೆಯಾ ಅಂತ ಕೇಳಿದ್ದೀರಿ.

ಮೊದಲು ಆ ಉದಾಸೀನ ಅನ್ನುವ ಮಾತು ನಿಲ್ಲಿಸಿ ಅಕ್ಕ. ಮನಸ್ಸು ಕುಗ್ಗಿದವನಿಗೆ ಹಾಸಿಗೆ ಹಿತ, ಯಾರ ಮುಖ ನೋಡ್ಬೇಕಂತ ಇಲ್ಲ, ಯಾರಿಗೂ ಉತ್ತರ ಕೊಡ್ಬೇಕಂತ ಇಲ್ಲ, ಆದ್ರೆ ಮಲಗಿದಲ್ಲೇ ಇದ್ರೆ ಖುಷಿ ಕೊಡುವಂಥದ್ದು ಒಂದೂ ನಡೆಯುದಿಲ್ಲ, ಸಂಜೆಯಾಗುವಾಗ ಇವತ್ತೂ ಹಾಳಾಯ್ತು ಅಂತ ತನ್ನ ಮೇಲೇ ಬೇಸರ, ಆ ಬೇಸರಕ್ಕೆ ಪುನಃ ಹಾಸಿಗೆ. ಇಡೀ ದಿನ ಹಾಸಿಗೆಯಲ್ಲೇ ಮೊಬೈಲ್ ಹಿಡ್ಕೊಂಡಿದ್ರೆ ಹಾಸಿಗೆ ನಿದ್ದೆಯ ಜಾಗ ಅನ್ನುವ ಅಭ್ಯಾಸವೇ ತಪ್ಪಿ ರಾತ್ರಿ ನಿದ್ದೆ ಬರುದಿಲ್ಲ.

ಸುಸ್ತು ಅನ್ನುದೂ ಸುಳ್ಳಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 20 ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿಯೇ ಇಟ್ಟು ನೋಡಿದ್ರು. 30 ವರ್ಷ ಕಳೆದು ಅವರನ್ನೇ ಪುನಃ ಪರೀಕ್ಷೆ ಮಾಡಿದ್ರೆ, ಅಷ್ಟು ವರ್ಷ ಪ್ರಾಯ ಆದದ್ದಕ್ಕಿಂತ ಆ ಮೂರು ವಾರವೇ ಅವರ ದಮ್ಮನ್ನು ಜಾಸ್ತಿ ಇಳಿಸಿತ್ತು.

ನನ್ನ ಅಪ್ಪ ತೀರಿಕೊಂಡ ವರ್ಷ ನಾನೂ ಹೀಗೇ ಮಲಗಿದ್ದೆ. ಅಮ್ಮ ಬೈಲಿಲ್ಲ. ಬೆಳಿಗ್ಗೆ ಕಾಫಿ ಗ್ಲಾಸು ಜಗಲಿಯಲ್ಲಿಟ್ಟು "ಅಲ್ಲಿ ಉಂಟು" ಅಂತ ಹೇಳಿ ಹೋಗ್ತಿದ್ರು. ಮೂರು ದಿನ ತಣ್ಣಗಾಗಿ ಕೆನೆ ಕಟ್ಟಿತು, ನಾಲ್ಕನೇ ದಿನ ಎದ್ದು ಹೋದೆ, ಮಾಡಿನಿಂದ ನೀರು ಇಳಿಯುದು ನೋಡ್ತಾ ಕೂತೆ, ಅಷ್ಟೇ. ಮನಸ್ಸು ಬರ್ಲಿ ಮತ್ತೆ ಏಳ್ತೇನೆ ಅಂತ ಕೂತ್ರೆ ಆಗುದಿಲ್ಲ, ಎದ್ದ ಮೇಲೆ ನಿಧಾನಕ್ಕೆ ಮನಸ್ಸು ಹಿಂದಿನಿಂದ ಬರ್ತದೆ, ಡಿಪ್ರೆಶನ್‌ಗೆ ಇದೇ ದಾರಿಯ ಚಿಕಿತ್ಸೆ ಉಂಟು, ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ. ಮತ್ತೆ ಮಳೆಗಾಲದ ಆಟಿ ತಿಂಗಳ ಮೋಡ ಕವಿದಿದ್ರೂ ಹಗಲು ಜಗಲಿಯ ಬೆಳಕು ಕೋಣೆಯ ಬಲ್ಬಿಗಿಂತ ಎಷ್ಟೋ ಪಾಲು ಜಾಸ್ತಿ, ದೇಹದ ಗಡಿಯಾರ ಸರಿಯಾಗ್ಲಿಕ್ಕೆ ಬೆಳಗಿನ ಆ ಬೆಳಕು ಬೇಕು.

ಆದ್ರೆ ಕಾಫಿ ಒಂದರಿಂದ ಆಗುವ ವಿಷಯ ಅಲ್ಲ ಇದು. ಬೇಸರ ಎರಡು ವಾರ ದಾಟಿದ್ರೇ ಡಾಕ್ಟರಿಗೆ ತೋರಿಸ್ಬೇಕು, ನಿಮ್ಮಲ್ಲಿ ಎರಡು ತಿಂಗಳಾಗಿದೆ. ಥೈರಾಯ್ಡ್, ರಕ್ತಹೀನತೆಯಿಂದಲೂ ಹೀಗಾಗುದುಂಟು, ಅದನ್ನೂ ನೋಡ್ಸಿ. ಮನಸ್ಸಿನ ಮಾತು ಡಾಕ್ಟರ ಹತ್ರ ಮಲಯಾಳದಲ್ಲಿ ಹೇಳ್ಲಿಕ್ಕೆ ಕಷ್ಟ ಅಂತ ನಮ್ಮವರು ಸುಮ್ಮನಿರ್ತಾರೆ, ಅದು ನನಗೆ ತುಂಬಾ ಸಂಕಟದ ವಿಷಯ. ಮನಸ್ಸಿನ ಕಷ್ಟಕ್ಕೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಉಂಟು, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಲಿಕ್ಕಿಲ್ಲ, ಭಾಷೆ ಆರಿಸುವಾಗ ಕನ್ನಡವೂ ಉಂಟು. ಬದುಕಿ ಎಂತ ಪ್ರಯೋಜನ ಅನ್ನುವಂಥ ಮಾತು ಅವನ ಬಾಯಲ್ಲಿ ಬಂದ್ರೆ ಮಾತ್ರ ಒಂದು ದಿನವೂ ಕಾಯ್ಬೇಡಿ, ಒಬ್ಬನನ್ನೇ ಬಿಡ್ಬೇಡಿ, ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಊಟ ತಪ್ಪಿಸ್ಬೇಡಿ, ಜಾಗ ಮಾತ್ರ ಬದಲಿಸಿ. ನಾಳೆ ಕಾಫಿ ಜಗಲಿಯಲ್ಲಿಟ್ಟು ನೀವೂ ಅಲ್ಲೇ ಕೂತ್ಕೊಳ್ಳಿ, ಕೆಲಸದ ಸುದ್ದಿ ಎತ್ಬೇಡಿ. ಅವನು ಎದ್ದು ಬಂದ ದಿನ ನನಗೊಂದು ಸಾಲು ಬರೀರಿ.

– ಸಂ.