20 ವರ್ಷ ಶೆಡ್ಡಿನಲ್ಲಿ ನಿಂತ 1969ರ ಎಂಜಿಬಿ ರೋಡ್‌ಸ್ಟರ್: ಮನೆಯಲ್ಲೇ ಸರಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಎಂಜಿಬಿ ರೋಡ್‌ಸ್ಟರ್ ಎಂದರೆ ಬ್ರಿಟನ್ನಿನ ಎಂಜಿ ಕಂಪನಿಯ, ಗಟ್ಟಿ ಮಾಡಿಲ್ಲದ ಎರಡು ಸೀಟಿನ ಕಾರು. ನಿಮ್ಮ ಪ್ರಶ್ನೆಗಳು ಮೂರು. ಜಾಮ್ ಆಗಿರುವ ಎಂಜಿನ್ನನ್ನು ಮೊದಲು ಬಿಚ್ಚಬೇಕೇ? ಕಾರನ್ನು ಪೂರ್ತಿ ಬಿಚ್ಚಿ, ಬಣ್ಣ ಹೊಡೆದು, ಆಮೇಲೆ ಜೋಡಿಸುವುದು ಸರಿಯೇ? ಇದೆಲ್ಲ ಒಬ್ಬರೇ ಗ್ಯಾರೇಜಿನಲ್ಲಿ ಮಾಡಲು ಆಗುತ್ತದೆಯೇ?

ಕೊನೆಯದಕ್ಕೆ ಮೊದಲು ಉತ್ತರ: ಆಗುತ್ತದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಹಾಗಾಗಿ ಇದರ ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಯಂತ್ರವೂ ಸರಳ. ಆದರೆ ಎಂಜಿನ್ನನ್ನು ಮೊದಲು ಮುಟ್ಟಬೇಡಿ, ಕಾರನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚಲೂ ಬೇಡಿ. ಮೊದಲು ತಗಡು, ಆಮೇಲೆ ಬ್ರೇಕು, ಆಮೇಲೆ ಎಂಜಿನ್ನು, ಬಣ್ಣ ಕೊನೆಗೆ. ಕಾರು ಆದಷ್ಟು ಕಾಲ ತನ್ನ ನಾಲ್ಕು ಚಕ್ರದ ಮೇಲೆಯೇ ಇರಲಿ. ಪೂರ್ತಿ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಕಾರುಗಳಲ್ಲಿ ಬಹುಪಾಲು ಡಬ್ಬಗಳಲ್ಲೇ ಮಾರಾಟವಾಗುತ್ತವೆ. ಯಾವ ಬೋಲ್ಟು ಎಲ್ಲಿಯದು ಎಂಬ ನೆನಪು ಆರು ತಿಂಗಳೂ ಉಳಿಯುವುದಿಲ್ಲ.

ತಗಡೇ ಮೊದಲು ಎನ್ನಲು ಕಾರಣವಿದೆ. ಈ ಕಾರಿಗೆ ಬೇರೆ ಚಾಸಿ (ತಳದ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ರೋಡ್‌ಸ್ಟರ್‌ಗೆ ಗಟ್ಟಿ ಮಾಡಿನ ಆಸರೆಯೂ ಇಲ್ಲದ್ದರಿಂದ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪೆಟ್ಟಿಗೆಯೇ ಕಾರಿನ ಬೆನ್ನೆಲುಬು. ಅದರಲ್ಲಿ ಒಳಸಿಲ್, ಹೊರಸಿಲ್, ಇವೆರಡರ ನಡುವೆ ನೆಟ್ಟಗೆ ನಿಲ್ಲುವ ಮೆಂಬ್ರೇನ್, ತಳದಲ್ಲಿ ಕ್ಯಾಸಲ್ ಸೆಕ್ಷನ್ ಎಂಬ ಮಡಿಕೆ ತಗಡು ಸೇರಿವೆ. ನೀರು ಮತ್ತು ಮಣ್ಣು ಮುಂದಿನ ರೆಕ್ಕೆಯ (ಚಕ್ರದ ಮೇಲಿನ ಬಾಡಿ ತಗಡು) ಹಿಂಭಾಗದಲ್ಲಿ ಸೇರಿಕೊಂಡು ಒಳಗಿನಿಂದ ತಿನ್ನುತ್ತವೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಪರೀಕ್ಷೆ ಹೀಗೆ ಮಾಡಿ. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಸಿಲ್ ಉದ್ದಕ್ಕೂ ಮತ್ತು ರೆಕ್ಕೆಗಳ ಕೆಳ ಅಂಚಿನಲ್ಲಿ ಹಿಡಿದು ನೋಡಿ. ಹಿಡಿಯದ ಕಡೆ ಇರುವುದು ಪುಟ್ಟಿ. ಕಾರ್ಪೆಟ್ ಎತ್ತಿ, ಒಳಸಿಲ್ ಮತ್ತು ನೆಲದ ತಗಡು ಕೂಡುವ ಸಂದನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟಾಗ ಕಾರು ಏಳುವ ಬದಲು ಜಾಕೇ ತಗಡಿನೊಳಕ್ಕೆ ಹೋಗುತ್ತಿದ್ದರೆ, ಅಥವಾ ಕಾರು ಎದ್ದಾಗ ಬಾಗಿಲು ಹಿಡಿದುಕೊಂಡು ತೆರೆಯದಿದ್ದರೆ, ಸಿಲ್ ಹೋಗಿದೆ ಎಂದೇ ಅರ್ಥ. ಹಳೆಯ ಸಿಲ್ ಮೇಲೆ ತೆಳು ಹೊದಿಕೆ ತಗಡು ಬೆಸೆದು ಮುಚ್ಚುವುದು ಬಹಳ ಹಳೆಯ ಅಡ್ಡದಾರಿ. ಅಸಲಿ ಹೊರಸಿಲ್ ಬಾಗಿಲಿಗೆ ನಿಲ್ಲುವುದಿಲ್ಲ, ಮುಂದಿನ ಮತ್ತು ಹಿಂದಿನ ರೆಕ್ಕೆಗಳ ಅಡಿಗೂ ಚಾಚಿಕೊಳ್ಳುತ್ತದೆ. ಬಾಗಿಲ ಅಗಲಕ್ಕಷ್ಟೇ ಹಾಕಿದ ತಗಡು ನೋಡಲು ಚೆನ್ನ, ಭಾರ ಮಾತ್ರ ಹೊರುವುದಿಲ್ಲ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಸುತ್ತಲಿನ ಸಂದುಗಳನ್ನು ನಾಲ್ಕು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಕಾರು ಮಟ್ಟವಾಗಿರಬೇಕು, ಅದರ ಭಾರ ಸಸ್ಪೆನ್ಷನ್ನಿನ ಮೇಲೆ ಇರಬೇಕು. ಬಾಗಿಲು ತೆಗೆದು, ಹಿಂಜ್ ಕಂಬದಿಂದ ಚಿಲಕದ ಕಂಬಕ್ಕೆ 25 ಮಿ.ಮೀ. ಚೌಕದ ಪೈಪನ್ನು ಎರಡು ಎತ್ತರದಲ್ಲಿ ಅಡ್ಡಲಾಗಿ ಬೆಸೆಯಿರಿ. ಎರಡೂ ಬದಿಗೂ ಈ ಆಸರೆ ಬೇಕು, ಕತ್ತರಿಸುವುದು ಮಾತ್ರ ಒಂದು ಸಲಕ್ಕೆ ಒಂದೇ ಬದಿ. ಆಸರೆ ಇಲ್ಲದೆ ಕತ್ತರಿಸಿದರೆ ಬಾಡಿ ನಡುವಲ್ಲಿ ಕೆಲವು ಮಿ.ಮೀ. ಕುಸಿಯುತ್ತದೆ, ಹೊಸ ಸಿಲ್ ಆ ಕುಸಿತವನ್ನೇ ಶಾಶ್ವತ ಮಾಡುತ್ತದೆ. ಆಮೇಲೆ ಬಾಗಿಲು ಕೂರುವುದೇ ಇಲ್ಲ.

ಹೊಸ ತಗಡನ್ನು ಒಳಗಿನಿಂದ ಹೊರಗೆ ಹಾಕುತ್ತಾ ಬನ್ನಿ: ಒಳಸಿಲ್ ಮತ್ತು ಕ್ಯಾಸಲ್ ಸೆಕ್ಷನ್, ಅದಕ್ಕೆ ಮೆಂಬ್ರೇನ್, ಕೊನೆಗೆ ಹೊರಸಿಲ್. ಹೊರಸಿಲ್ಲನ್ನು ಮೊದಲು ಕ್ಲಾಂಪಿನಲ್ಲಷ್ಟೇ ಹಿಡಿಸಿ, ಆ ಬದಿಯ ಪೈಪು ಅಡ್ಡ ಬರದಂತೆ ಮಾಡಿಕೊಂಡು ಬಾಗಿಲು ಮತ್ತು ಮುಂದಿನ ರೆಕ್ಕೆ ಕೂರಿಸಿ, ಬರೆದಿಟ್ಟ ಅಳತೆಗೆ ಹೋಲಿಸಿ. ಸರಿ ಇದ್ದರೆ ಮಾತ್ರ ವೆಲ್ಡಿಂಗ್. ಮಿಗ್ ಯಂತ್ರಕ್ಕೆ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ) 0.6 ಮಿ.ಮೀ. ತಂತಿ ಸಾಕು. ಕಾರ್ಖಾನೆಯ ಸ್ಪಾಟ್ ವೆಲ್ಡಿನ ಬದಲಿಗೆ ಮೇಲಿನ ತಗಡಿನ ಅಂಚಿನಲ್ಲಿ 6ರಿಂದ 8 ಮಿ.ಮೀ. ತೂತುಗಳನ್ನು 25ರಿಂದ 30 ಮಿ.ಮೀ. ಅಂತರದಲ್ಲಿ ಕೊರೆದು, ಅವನ್ನು ತುಂಬುತ್ತಾ ಬನ್ನಿ. ಸಾಲಾಗಿ ತುಂಬಬೇಡಿ, ಒಂದು ಇಲ್ಲಿ, ಮುಂದಿನದು ಅರ್ಧ ಮೀಟರ್ ಆಚೆ. ಇಲ್ಲದಿದ್ದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಕೂರುವ ಅಂಚುಗಳಿಗೆ ಮೊದಲೇ ವೆಲ್ಡ್-ಥ್ರೂ ಪ್ರೈಮರ್ (ಮೇಲಿಂದಲೇ ಬೆಸೆಯಬಹುದಾದ ತುಕ್ಕುತಡೆ ಬಣ್ಣ) ಹೊಡೆಯಿರಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ, ನನ್ನ ಪ್ರಕಾರ ಅತಿ ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಉರಿಯುವುದು ಒಳಗಿನ ಆವಿ. ಇಳಿಸಿದಾಗ ಅದರ ಮೇಲ್ಮೈಯನ್ನೂ ನೋಡಿ. ಡಿಕ್ಕಿಯ ತಳ ಮತ್ತು ಟ್ಯಾಂಕಿನ ನಡುವೆ ಕೆಸರು ಕೂತು, ಈ ಟ್ಯಾಂಕುಗಳು ಮೇಲಿನಿಂದಲೇ ತುಕ್ಕು ಹಿಡಿಯುತ್ತವೆ.

ಉಪಕರಣದ ಬಗ್ಗೆ ಒಂದು ಮಾತು. ಈ ಕಾರಿನ ಬೋಲ್ಟುಗಳು ಬಹುತೇಕ ಯುಎನ್ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಮರೆಯವು. 7/16, 1/2, 9/16 ಇಂಚಿನ ಎಎಫ್ (ಎದುರುಬದುರು ಮುಖಗಳ ನಡುವಿನ ಅಳತೆಯ) ಸ್ಪ್ಯಾನರುಗಳೇ ಬೇಕು. 13 ಮಿ.ಮೀ. ಸ್ಪ್ಯಾನರ್ 1/2 ಇಂಚಿಗೆ ಹೆಚ್ಚು ಕಡಿಮೆ ಕೂರುತ್ತದೆ, ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸುವುದೂ ಆ ಹೆಚ್ಚು ಕಡಿಮೆಯೇ.

ಬ್ರೇಕಿನಲ್ಲಿ ಅಳೆದು ತೂಗುವುದೇನೂ ಇಲ್ಲ. ಇಷ್ಟು ವರ್ಷ ನಿಂತ ಮೇಲೆ ಮಾಸ್ಟರ್ ಸಿಲಿಂಡರ್, ಹಿಂದಿನ ವೀಲ್ ಸಿಲಿಂಡರುಗಳು, ರಬ್ಬರ್ ಹೋಸುಗಳು ಎಲ್ಲವೂ ಹೊಸದಾಗಲಿ. ಮುಂದಿನ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಪಿಸ್ಟನ್ನುಗಳಲ್ಲಿ ತುಕ್ಕಿನ ಗುಳಿ ಇದ್ದರೆ ಅವೂ ಬದಲಾಗಬೇಕು. 3/16 ಇಂಚಿನ ಪೈಪುಗಳಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹದ್ದೇ ಹಾಕಿ, ತುಕ್ಕಿನ ಚಿಂತೆ ಇರುವುದಿಲ್ಲ. ಬ್ರೇಕ್ ದ್ರವ ಡಾಟ್ 4 ದರ್ಜೆಯದು. ಅದಕ್ಕೆ ಸಿಲಿಕೋನ್‌ನ ಡಾಟ್ 5 ಬೆರೆಸಬಾರದು. ಹಿಂದಿನ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ.

ಚಕ್ರ ಎತ್ತಿರುವಾಗಲೇ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ, ನೋಡಿಬಿಡಿ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲೂಸ್ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ನಿಂತರೆ ತೊಂದರೆ ಬೇರಿಂಗಿನದು, ಆಗಲೂ ಆಡಿದರೆ ಕಿಂಗ್‌ಪಿನ್ನಿನದು.

ಈಗ ಜಾಮ್ ಆದ ಎಂಜಿನ್. ನಿಂತಾಗ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಗೆ ತೇವದ ಗಾಳಿ ಹೋಗಿ ರಿಂಗು ಗೋಡೆಗೆ ಅಂಟಿರುತ್ತದೆ, ಸಾಮಾನ್ಯವಾಗಿ ಒಂದೋ ಎರಡೋ ಸಿಲಿಂಡರ್ ಮಾತ್ರ. ಸ್ಪಾರ್ಕ್ ಪ್ಲಗ್ ತೆಗೆದು, ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಪ್ರಮಾಣದಲ್ಲಿ ಕುಲುಕಿ ಪ್ರತಿ ಸಿಲಿಂಡರಿಗೆ 30 ಮಿ.ಲೀ. ಸುರಿಯಿರಿ. ಮೂರು ನಾಲ್ಕು ದಿನ ಬಿಡಿ, ಮತ್ತೆ ಸುರಿಯಿರಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಸ್ಟಾರ್ಟರ್ ಬಳಸಲೇಬೇಡಿ. ರಾಕರ್ ಕವರ್ (ಎಂಜಿನ್ನಿನ ಮೇಲಿನ ವಾಲ್ವ್ ಮುಚ್ಚಳ) ಮೊದಲೇ ತೆಗೆದಿಟ್ಟು ಪ್ರತಿ ವಾಲ್ವೂ ಎದ್ದು ಮರಳಿ ಕೂರುತ್ತಿದೆಯೇ ನೋಡುತ್ತಿರಬೇಕು. ಅಂಟಿಕೊಂಡ ವಾಲ್ವನ್ನು ಲೆಕ್ಕಿಸದೆ ತಿರುಗಿಸಿದರೆ ಪುಶ್‌ರಾಡ್ (ವಾಲ್ವನ್ನು ತೆರೆಸುವ ಕಡ್ಡಿ) ಬಗ್ಗುತ್ತದೆ. ಎರಡು ವಾರವಾದರೂ ಅಲುಗದಿದ್ದರೆ ಹೆಡ್ ತೆಗೆಯಿರಿ. ಆಗ ಎಕ್ಸಾಸ್ಟ್ ವಾಲ್ವ್ ಸೀಟುಗಳಿಗೆ ಗಟ್ಟಿ ಉಕ್ಕಿನ ಇನ್ಸರ್ಟ್ ಹಾಕಿಸಿಬಿಡಿ. ಬೀಡಿನಲ್ಲೇ ಕೊರೆದ ಹಳೆಯ ಸೀಟುಗಳು ಸೀಸವಿಲ್ಲದ ಪೆಟ್ರೋಲಿನಲ್ಲಿ ಸವೆಯುತ್ತವೆ.

ತಿರುಗಲು ಶುರುವಾದ ಮೇಲೂ ಕೂಡಲೇ ಸ್ಟಾರ್ಟ್ ಬೇಡ. ಹಳೆಯ ಎಣ್ಣೆ, ಫಿಲ್ಟರ್ ಬದಲಿಸಿ. ಸುಮಾರು 4.3 ಲೀಟರ್ 20ಡಬ್ಲ್ಯು-50 ದರ್ಜೆಯ ಎಣ್ಣೆ ಹಿಡಿಸುತ್ತದೆ. ಸತುವಿನ ಅಂಶ ಹೆಚ್ಚಿರುವ, ಹಳೆಯ ಎಂಜಿನ್ನುಗಳಿಗೆಂದೇ ಮಾಡಿದ ಎಣ್ಣೆ ಇರಲಿ. ವಾಲ್ವುಗಳನ್ನು ಆಡಿಸುವ ಕ್ಯಾಮ್ ಮತ್ತು ಅದರ ಮೇಲೆ ಕೂರುವ ಟ್ಯಾಪೆಟ್ ಒಂದನ್ನೊಂದು ಉಜ್ಜುವ ಜಾಗಕ್ಕೆ ಅದೇ ರಕ್ಷಣೆ. ಪ್ಲಗ್ ಹಾಕದೆ, 10 ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರ್ ಓಡಿಸಿ. ಮುಳ್ಳು ಏಳದಿದ್ದರೆ ಪಂಪ್ ಒಣಗಿದೆ. ಬ್ಲಾಕಿನ ಹಿಂಭಾಗದಲ್ಲಿರುವ ಎಣ್ಣೆ ಪೈಪಿನ ಜೋಡಣೆ ಬಿಚ್ಚಿ, ಅಲ್ಲಿಂದ ಎಣ್ಣೆ ಸುರಿದು ಮತ್ತೆ ಪ್ರಯತ್ನಿಸಿ. ಬಿಸಿಯಾದ ಮೇಲೆ ಓಡುವಾಗ 50ರಿಂದ 80 ಪಿಎಸ್ಐ (ಒತ್ತಡದ ಅಳತೆ), ಐಡ್ಲಿಂಗಿನಲ್ಲಿ 10ರಿಂದ 25 ಬಂದರೆ ಬೇರಿಂಗುಗಳ ಚಿಂತೆ ಬಿಡಬಹುದು. ಪ್ಲಗ್ ಗ್ಯಾಪ್ 0.64 ಮಿ.ಮೀ., ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ., ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2.

ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರುಗಳಿಗೆ ಹೆದರುವವರೇ ಹೆಚ್ಚು, ಹೆದರಬೇಕಾದ್ದಿಲ್ಲ. ಕಾರ್ಬೊರೇಟರಿನೊಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಬೀಳಬೇಕು. ಅದರ ತಳದಲ್ಲಿರುವ, ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು, ಕೆಳಕ್ಕೆ ಇಳಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ. ಬಿಸಿಯಾದ ಮೇಲೆ ಅದೇ ಪಿಸ್ಟನ್ನನ್ನು ಎತ್ತುವ ಪಿನ್ನಿನಿಂದ 0.8 ಮಿ.ಮೀ. ಎತ್ತಿ ಕಿವಿಗೊಡಿ. ಏರಿದ ವೇಗ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ನಟ್ ಒಂದು ಮುಖ ಮೇಲಕ್ಕೆ. ಎಂಜಿನ್ ಕುಸಿದರೆ ಪೆಟ್ರೋಲ್ ಕಡಿಮೆ, ಒಂದು ಮುಖ ಕೆಳಕ್ಕೆ. ಕ್ಷಣ ಮಾತ್ರ ಏರಿ ಮೊದಲಿನಂತಾದರೆ ಸರಿಯಾಗಿದೆ.

ವಿದ್ಯುತ್ತಿನ ದೋಷಗಳಲ್ಲಿ ಹೆಚ್ಚಿನವು ಕಪ್ಪು ತಂತಿಯ, ಅಂದರೆ ಅರ್ತಿಂಗಿನ ತುಕ್ಕು. ಕಂದು ಸದಾ ಕರೆಂಟಿರುವ ತಂತಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ನೇರಳೆ ಫ್ಯೂಸ್ ಇರುವ ಸದಾ ಕರೆಂಟು. ಈ ಬಣ್ಣಗಳು ಗೊತ್ತಿದ್ದರೆ ಅರ್ಧ ಕೆಲಸ ಮಲ್ಟಿಮೀಟರೇ ಮಾಡುತ್ತದೆ.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಉಜ್ಜುವುದು, ಪುಟ್ಟಿ, ಪ್ರೈಮರ್‌ವರೆಗೆ ಮಾಡಿ. ಎರಡು ಭಾಗ ಬೆರೆಸುವ ಮೇಲಿನ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಹೊರಗಿನಿಂದ ಗಾಳಿ ಕೊಡುವ ಮುಖವಾಡವಿಲ್ಲದೆ ಅದನ್ನು ಹೊಡೆಯುವುದು ಶ್ವಾಸಕೋಶಕ್ಕೆ ನೇರ ಹಾನಿ. ಅದನ್ನು ಬಣ್ಣ ಹೊಡೆಯುವ ಬೂತ್ ಇರುವವರಿಗೆ ಕೊಡಿ. ಬಣ್ಣ ಒಣಗಿದ ಮೇಲೆ ಸಿಲ್ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ, ತಳದ ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಹೆಡ್ ಬಿಚ್ಚಿದ್ದರೆ ಮೊದಲ 800 ಕಿ.ಮೀ. ಆದ ಮೇಲೆ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ 61–68 ನ್ಯೂಟನ್ ಮೀಟರಿಗೆ ಮತ್ತೆ ನೋಡಿ, ನಂತರ ಟ್ಯಾಪೆಟ್ ಸಂದನ್ನು (ರಾಕರ್ ಮತ್ತು ವಾಲ್ವಿನ ನಡುವಿನ ಬಿಡುವು) 0.38 ಮಿ.ಮೀ.ಗೆ ಹೊಂದಿಸಿ. ಎಂಟು ವಾಲ್ವಿಗೂ ಒಂದೇ ಲೆಕ್ಕ: ಪೂರ್ತಿ ತೆರೆದ ವಾಲ್ವಿನ ಸಂಖ್ಯೆಯನ್ನು 9ರಿಂದ ಕಳೆದರೆ ಬಂದದ್ದನ್ನು ಹೊಂದಿಸಬೇಕು. ಒಂದನೆಯದು ತೆರೆದಾಗ ಎಂಟನೆಯದು, ಮೂರನೆಯದಕ್ಕೆ ಆರನೆಯದು. ಮುಗಿದ ಮೇಲೆ ರಾಕರ್ ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಮೇಲಿನ ಎರಡು ನಟ್ಟುಗಳನ್ನು 5 ನ್ಯೂಟನ್ ಮೀಟರಿಗಷ್ಟೇ ಬಿಗಿಯಿರಿ. ಹೆಚ್ಚು ಬಿಗಿದರೆ ತಗಡಿನ ಕವರ್ ಬಗ್ಗಿ ಅಲ್ಲಿಂದಲೇ ಎಣ್ಣೆ ಸೋರುತ್ತದೆ.