ಅಣ್ಣನ ಮಗಳನ್ನು ನಮ್ಮನೆಗೆ ಕರೆದುಕೊಂಡು ಬಂದುಬಿಡಲಾ?

ತೀರ್ಥಹಳ್ಳಿ ಕಡೆ ಹಳ್ಳಿಯಲ್ಲಿರುವ ಹದಿನಾರರ ಅಣ್ಣನ ಮಗಳನ್ನು ಮನೆಯಲ್ಲಿ ಮಾತುಮಾತಿಗೂ ಹೀಯಾಳಿಸುತ್ತಾರೆ, ಒಮ್ಮೊಮ್ಮೆ ಕೈಯನ್ನೂ ಎತ್ತುತ್ತಾರೆ, ಶಿವಮೊಗ್ಗಕ್ಕೆ ಕರೆತಂದುಬಿಡಲಾ ಅಂತ ಕೇಳಿದ್ದೀರಿ.

ಹೇಳದೆ ಕೇಳದೆ ಕರೆತರಬೇಡಿ. ಹದಿನೆಂಟು ತುಂಬದ ಹುಡುಗಿ. ಹೆತ್ತವರು ಅಪಹರಣ ಅಂತ ದೂರು ಕೊಟ್ಟರೆ ನೀವು ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು. ಆಮೇಲೆ ಆ ಮನೆ ಬಾಗಿಲು ನಿಮಗೆ ಮುಚ್ಚಿದ ಹಾಗೆಯೇ. ಅವಳ ಪಾಲಿಗೆ ಈಗ ನೀವೇ ದಿಕ್ಕು, ಅಲ್ವಾ?

ನನ್ನ ಅಕ್ಕನ ಮಗಳದ್ದೂ ಇದೇ ಕಥೆ. ಕೊಯ್ಲು ಶುರುವಾದರೆ ಶಾಲೆಯಿಂದ ಬಂದವಳೇ ರಾತ್ರಿವರೆಗೂ ಅಡಿಕೆ ಸುಲಿಯಲು ಕೂರಬೇಕು. ಕೆಲಸ ಎಲ್ಲರ ಮನೆಯಲ್ಲೂ ಇದ್ದದ್ದೇ. ಅವಳನ್ನು ಹಿಂಡಿದ್ದು ನಿಲ್ಲದ ಬೈಗುಳ. ನಮ್ಮನೆಯಲ್ಲಿ ಲೋಟ ಬಿದ್ದ ಸದ್ದಾದರೆ ಸಾಕು, ಬೀಳಿಸಿದ್ದು ಯಾರೇ ಆಗಿರಲಿ, 'ನಾನಲ್ಲ ಚಿಕ್ಕಮ್ಮ' ಅಂತ ಎದ್ದು ನಿಲ್ಲುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೂ ಭಾವನ ಜೊತೆ ಜಗಳಕ್ಕೆ ಹೋಗಲಿಲ್ಲ. ಹೋಗಿದ್ದರೆ ಆ ಸಿಟ್ಟೆಲ್ಲ ಅವಳ ಮೇಲೇ ತೀರುತ್ತಿತ್ತು. ಬೇಸಿಗೆ ರಜೆಗೆ, 'ಇಲ್ಲಿ ಗಣಿತಕ್ಕೆ ಒಳ್ಳೇ ಟ್ಯೂಷನ್ ಇದೆ, ಕಳಿಸಿಕೊಡಿ ಭಾವ' ಅಂದೆ. ಓದಿನ ಹೆಸರೆತ್ತಿದರೆ ಬೇಡ ಅನ್ನೋದು ಕಷ್ಟ. ಬಂದವಳನ್ನು ಏನೂ ಕೆದಕಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ಅವಳೇ ಹೇಳಿಕೊಳ್ಳುತ್ತಿದ್ದಳು. ನೀವೂ ನಿಮ್ಮ ಅಣ್ಣನ ಮಗಳೆದುರು ಅವಳ ಅಪ್ಪ ಅಮ್ಮನನ್ನು ಬೈಯಬೇಡಿ. ಬೈದರೆ ಅವಳೇ ಅವರ ಪರ ನಿಂತು, ಮತ್ತೆ ಬಾಯಿ ಬಿಡುವುದಿಲ್ಲ. 'ಇದರಲ್ಲಿ ನಿನ್ನ ತಪ್ಪಿಲ್ಲ ಪುಟ್ಟಿ' ಅಂದರೆ ಸಾಕು. ಅದನ್ನೇ ಎಷ್ಟು ಸಲ ಬೇಕಾದರೂ ಹೇಳಿ.

ಗುಟ್ಟಾಗಿ ಮೊಬೈಲ್ ಕೊಡಿಸಬೇಡಿ. ಸಿಕ್ಕಿಬಿದ್ದರೆ ಅದಕ್ಕೂ ಏಟು. ನಿಮ್ಮ ನಂಬರ್ ಬಾಯಿಪಾಠ ಮಾಡಿಸಿ. ಫೋನ್ ಮಾಡಲು ಯಾರ ಮನೆಗೆ ಓಡಬಹುದು ಅಂತ ಇಬ್ಬರೂ ಮೊದಲೇ ಮಾತಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಇಷ್ಟೆಲ್ಲ ತಾಳ್ಮೆ ಬೈಗುಳಕ್ಕೆ ಮಾತ್ರ. ಹೊಡೆತ ಜಾಸ್ತಿಯಾದರೆ ನಂಟಸ್ತನ ನೋಡುತ್ತಾ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಅವಳೇ ಮಾಡಿದರೂ ಆಗುತ್ತದೆ. ಮಕ್ಕಳನ್ನು ಹಿಂಸಿಸಿದರೆ, ಹೆತ್ತವರೇ ಆಗಿರಲಿ, 2015ರ ಬಾಲನ್ಯಾಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಸರಿ ಅನ್ನಿಸಿದರೆ ಅವಳನ್ನು ನಿಮ್ಮ ಮನೆಯಲ್ಲೇ ಇರಿಸಲು ಆದೇಶ ಕೊಡಬಹುದು. ಕರೆತರುವುದಾದರೆ ಆ ದಾರಿಯಲ್ಲಿ ಕರೆತನ್ನಿ.

'ಬದುಕೋದೇ ಬೇಡ' ಅನ್ನೋ ಮಾತು ಅವಳ ಬಾಯಲ್ಲಿ ಒಂದೇ ಸಲ ಬಂದರೂ ಸುಮ್ನೆ ಅಂದಳು ಅಂದುಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್, ಕನ್ನಡದಲ್ಲೇ ಮಾತಾಡಬಹುದು. ಅವತ್ತೇ ಬಸ್ ಹತ್ತಿ ಅವಳ ಹತ್ತಿರ ಹೋಗಿ.